ಸಿಗರೇಟು ಬಿಟ್ಟು ಎರಡನೇ ವಾರ: ಮೈ ತಡ್ಕೊಂಡಿದೆ, ಮನಸ್ಸು ತಡೀತಿಲ್ಲ

ಪ್ರೆಸ್ ಹುಡುಗ, ತುಮಕೂರು

ಎಲ್ಲರಿಗೂ ನಮಸ್ಕಾರ. ಆಫ್‌ಸೆಟ್ ಪ್ರೆಸ್ಸಲ್ಲಿ ಮಷಿನ್ ನೋಡ್ಕೋತೀನಿ. ಪಿಯುಸಿಯಿಂದ ಸೇದ್ತಿದ್ದೆ, ಈಗ ವಯಸ್ಸು ನಲವತ್ತರ ಹತ್ರ. ದಿನಕ್ಕೆ ಒಂದು ಪ್ಯಾಕು ಸಾಲ್ತಿರಲಿಲ್ಲ. ಬಿಟ್ಟು ಇದು ಎರಡನೇ ವಾರ.

ಮೊದಲ ಮೂರ್ನಾಲ್ಕು ದಿನ ತಲೆನೋವು, ಕೈ ನಡುಕ, ರಾತ್ರಿಯೆಲ್ಲ ಎಚ್ಚರ. ಇದೆಲ್ಲ ಆಗುತ್ತೆ ಅಂತ ಕೇಳಿದ್ದೆ, ತಡ್ಕೊಂಡೆ. ಈಗ ಆಗ್ತಿರೋದು ಬೇರೆ. ಮಷಿನ್ನಲ್ಲಿ ಪ್ಲೇಟ್ ಬದಲಾಯಿಸಿದ ಮೇಲೆ ಹೊರಗೆ ಹೋಗಿ ಒಂದು ಹಚ್ಚೋದು ರೂಢಿ. ಈಗ ಆ ಹತ್ತು ನಿಮಿಷ ಎಲ್ಲಿ ನಿಲ್ಲಬೇಕು, ಕೈ ಎಲ್ಲಿ ಇಟ್ಕೋಬೇಕು ಅಂತಾನೇ ಗೊತ್ತಾಗಲ್ಲ. ಮೊನ್ನೆ ಮಗಳು ಪೆನ್ಸಿಲ್ ಬಾಕ್ಸ್ ಬೀಳಿಸಿದ್ಳು ಅಷ್ಟೇ. ನಾನು ರೇಗಿದ ರೀತಿಗೆ ಅವಳು ಅಮ್ಮನ ಹಿಂದೆ ಹೋಗಿ ನಿಂತ್ಕೊಂಡ್ಳು. ರಾತ್ರಿ ಊಟ ಆದ್ಮೇಲೆ ಸುಮ್ಮಸುಮ್ಮನೆ ಅಳು ಬರುತ್ತೆ, ಮನೇಲಿ ಯಾರೋ ತೀರಿಕೊಂಡ ಹಾಗೆ. ಇನ್ನೊಂದು, ಕಾಫಿ ಕುಡಿದ್ರೆ ಎದೆ ಡವಡವ ಅನ್ನುತ್ತೆ, ಮುಂಚೆ ಹಂಗಾಗ್ತಿರಲಿಲ್ಲ.

ದಾಟಿದವರು ಯಾರಾದ್ರೂ ಹೇಳಿ, ಇದು ಎಷ್ಟು ದಿನ? 'ಮನಸ್ಸು ಗಟ್ಟಿ ಮಾಡ್ಕೋ' ಅನ್ನೋದು ಬೇಡ, ಅದನ್ನ ಮನೆಯವರು, ಸ್ನೇಹಿತರು ಎಲ್ಲರೂ ಹೇಳಾಯ್ತು.

ಘಾಟಿ ಡ್ರೈವರ್, ಹಾಸನ

ತಮ್ಮಾ, ನಾನು ಲಾರಿ ಓಡಿಸ್ತೀನಿ. ಮಂಗಳೂರಲ್ಲಿ ಲೋಡ್ ಮಾಡಿ, ಶಿರಾಡಿ ಹತ್ತಿ, ಬೆಂಗಳೂರಿಗೆ. ಗುಂಡ್ಯದಲ್ಲಿ ಘಾಟಿ ಹತ್ತೋ ಮುಂಚೆ ಒಂದು, ಮಾರನಹಳ್ಳಿ ಹತ್ರ ಒಂದು, ಸಕಲೇಶಪುರದಲ್ಲಿ ಟೀ ಜೊತೆ ಎರಡು. ನಿದ್ದೆ ತಡೆಯೋಕೆ ಸೇದ್ತೀನಿ ಅಂತ ಎಲ್ಲರಿಗೂ ಹೇಳ್ತಿದ್ದೆ.

ಬಿಡಬೇಕು ಅಂತ ಆದಾಗ ಪ್ಯಾಕಿನ ಮೇಲೇ ಇರೋ ನಂಬರಿಗೆ ಫೋನ್ ಮಾಡಿದೆ, 1800-11-2356. ದುಡ್ಡು ಹೋಗಲ್ಲ, ಕನ್ನಡದಲ್ಲೇ ಮಾತಾಡಿದ್ರು. ಆ ಕಡೆಯ ಮೇಡಂ ನನಗೆ ಬುದ್ಧಿ ಹೇಳೋಕೆ ಹೋಗಲಿಲ್ಲ. ಒಂದು ಕೆಲಸ ಕೊಟ್ರು: ಬಿಡೋ ಮುಂಚಿನ ಒಂದು ವಾರ, ಪ್ರತಿ ಸಿಗರೇಟು ಹಚ್ಚುವಾಗ ಎಲ್ಲಿದ್ದೆ, ಮನಸ್ಸಲ್ಲಿ ಏನಿತ್ತು, ಬರೀರಿ ಅಂದ್ರು. ಟ್ರಿಪ್ ಶೀಟಿನ ಹಿಂದೆ ಬರೆದೆ. ಲೋಡಿಂಗಿಗೆ ಕಾಯೋದು: ಬೇಜಾರು. ಓನರ್ ಫೋನ್: ಸಿಟ್ಟು. ಮಳೇಲಿ ಘಾಟಿ: ಭಯ. ರಾತ್ರಿ ಊಟ ಆಗಿ ಕ್ಯಾಬಿನ್ನಲ್ಲಿ ಒಬ್ಬನೇ: ಏನೂ ಬರೆಯೋಕೆ ಆಗಲಿಲ್ಲ, ಬರೀ ಗೆರೆ ಎಳೆದಿದ್ದೆ. ನಿದ್ದೆ ಅಂತ ಬರೆದದ್ದು ಒಂದೋ ಎರಡೋ ಕಡೆ. ಒಂದೊಂದು ಸಿಗರೇಟಿಗೂ ಒಂದೊಂದು ಕೆಲಸ ಇತ್ತು ಕಣಪ್ಪ. ಅದನ್ನ ಕಿತ್ತು ಹಾಕಿದ್ರೆ ಆ ಕೆಲಸ ಹಂಗೇ ಉಳಿಯುತ್ತೆ. ನಿನಗೆ ಈಗ ಆಗಿರೋದು ಅದೇ.

ಅಳುವಿನ ವಿಷಯ. ನಮ್ಮಪ್ಪ ಹೋದಾಗ ನಾನು ಅಳಲಿಲ್ಲ. ಹಿರೀಮಗ, ಎಲ್ಲ ಓಡಾಡಬೇಕಿತ್ತು. ಅಳು ಬಂದಾಗೆಲ್ಲ ಹಿತ್ತಲಿಗೆ ಹೋಗಿ ಒಂದು ಸೇದಿ ಬರ್ತಿದ್ದೆ. ಸಿಗರೇಟು ಬಿಟ್ಟ ಮೇಲೆ, ಅಪ್ಪ ಹೋಗಿ ಎಷ್ಟೋ ವರ್ಷ ಆದ ಮೇಲೆ, ಒಂದು ರಾತ್ರಿ ಹಾಸನ ದಾಟಿದ ಮೇಲೆ ಗಾಡಿ ಸೈಡಿಗೆ ಹಾಕಿ ಅತ್ತೆ. ಕ್ಲೀನರ್ ಹುಡುಗ ಹೆದರಿ ನೀರಿನ ಬಾಟ್ಲಿ ಹಿಡ್ಕೊಂಡು ಕೂತಿದ್ದ. ಅದಾದ ಮೇಲೆ ಎದೆ ಹಗುರ ಆಯ್ತು. ನಿನಗೂ ಅಳು ಬಂದ್ರೆ ಅಳು, ಹೆಂಡತಿ ಎದುರಿಗೇ ಅಳು. ಮರ್ಯಾದೆ ಏನೂ ಹೋಗಲ್ಲ.

ಆ ಹತ್ತು ನಿಮಿಷವನ್ನ ಮಾತ್ರ ಬಿಡಬೇಡ. ಬಹಳ ಜನ ಸಿಗರೇಟಿನ ಜೊತೆ ಬಿಡುವನ್ನೂ ಬಿಟ್ಟುಬಿಡ್ತಾರೆ, ಹುಚ್ಚು ಹಿಡಿಯೋದು ಅಲ್ಲೇ. ನಾನು ನಿಲ್ಲಿಸ್ತಿದ್ದ ಜಾಗದಲ್ಲೇ ನಿಲ್ಲಿಸಿ, ಇಳಿದು, ರಾಡಲ್ಲಿ ಟೈರಿಗೆಲ್ಲ ತಟ್ಟಿ ಸದ್ದು ಕೇಳ್ತಾ ಗಾಡಿ ಸುತ್ತ ಒಂದು ಸುತ್ತು ಬರ್ತಿದ್ದೆ. ಹತ್ತು ಚಕ್ರ ಮುಗಿಯೋ ಹೊತ್ತಿಗೆ ಸೇದಬೇಕು ಅನ್ನೋ ಸೆಳೆತ ಇಳಿದಿರೋದು. ನಾಲ್ಕೈದು ನಿಮಿಷಕ್ಕಿಂತ ಜಾಸ್ತಿ ಅದು ಜೋರಾಗಿ ನಿಲ್ಲಲ್ಲ, ಗಡಿಯಾರ ನೋಡ್ಕೊಂಡೇ ಪರೀಕ್ಷೆ ಮಾಡು. ನೀನೂ ಪ್ರೆಸ್ಸಿಂದ ಹೊರಗೆ ಹೋಗು, ಆದ್ರೆ ಬೀಡಾ ಅಂಗಡಿ ಕಡೆ ಬೇಡ, ಬೇರೆ ದಿಕ್ಕಿಗೆ. ಮಗಳಿಗೆ ನಿಜ ಹೇಳು: 'ಅಪ್ಪ ಸಿಗರೇಟು ಬಿಟ್ಟಿದಾನೆ, ಅದಕ್ಕೆ ಸಿಟ್ಟು ಬರ್ತಿದೆ, ನಿನ್ನ ಮೇಲಲ್ಲ' ಅಂತ. ಮಕ್ಕಳಿಗೆ ಅರ್ಥ ಆಗುತ್ತೆ.

ಸಿಸ್ಟರ್ ಅಕ್ಕ

ಸರ್, ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ಕಾಫಿ ಬಗ್ಗೆ ಮೊದಲು ಹೇಳ್ತೀನಿ, ಯಾಕಂದ್ರೆ ಇದನ್ನ ಯಾರೂ ಹೇಳೋದೇ ಇಲ್ಲ. ಹೊಗೆಯಲ್ಲಿರೋ ಟಾರ್‌ನಿಂದ ಲಿವರ್ ಕೆಫೀನನ್ನ ಬೇಗಬೇಗ ಕರಗಿಸ್ತಿರುತ್ತೆ. ಸೇದೋದು ನಿಂತರೆ ಆ ವೇಗವೂ ಇಳಿಯುತ್ತೆ, ಕುಡಿದ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ. ಎದೆಬಡಿತ, ನಿದ್ದೆಗೇಡು, ಸಿಡುಕು ಮೂರೂ ಅದರಿಂದಲೂ ಬರಬಹುದು. ಕಾಫಿ ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ. ಆಮೇಲೂ ಡವಡವ ಇದ್ದರೆ ಒಂದು ಇಸಿಜಿ ಮಾಡಿಸಿ. ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳೋರು ಸಿಗರೇಟು ಬಿಟ್ಟರೆ ಡಾಕ್ಟರಿಗೆ ತಿಳಿಸಲೇಬೇಕು, ಕೆಲವು ಮಾತ್ರೆಗಳಿಗೂ ಇದೇ ಲೆಕ್ಕ.

ನಿಕೋಟಿನ್ ಗಮ್ ಬಳಸ್ತಿದ್ದೀರಾ? 2 ಮಿಲಿಗ್ರಾಂನದ್ದು ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಚೂಯಿಂಗ್ ಗಮ್ ಥರ ಅಗೀತಾ ಇರಬಾರದು. ಖಾರ ಅನ್ನಿಸೋವರೆಗೆ ನಿಧಾನ ಅಗಿದು, ಕೆನ್ನೆ ಒಳಗೆ ಒತ್ತಿಟ್ಟು, ಖಾರ ಇಳಿದ ಮೇಲೆ ಮತ್ತೆ ಅಗೀಬೇಕು. ಬಾಯಲ್ಲಿರುವಾಗ, ಅದಕ್ಕೂ ಹದಿನೈದು ನಿಮಿಷ ಮುಂಚೆ, ಕಾಫಿ, ಜ್ಯೂಸ್ ಕುಡೀಬಾರದು, ಔಷಧಿ ಹಿಡಿಯಲ್ಲ. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುತ್ತಿದ್ದವರಿಗೆ 4 ಮಿಲಿಗ್ರಾಂ ಬೇಕಾಗಬಹುದು, ಡಾಕ್ಟರನ್ನ ಕೇಳಿ. ಬುಪ್ರೋಪಿಯಾನ್, ವರೆನಿಕ್ಲಿನ್ ಅಂತ ಮಾತ್ರೆಗಳೂ ಇವೆ, ಅವನ್ನ ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತಗೊಳ್ಳಿ. ಬೆಂಗಳೂರಿಗೆ ಹೋಗಿಬರೋದು ಸಾಧ್ಯ ಆದರೆ ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸೋ ಚಿಕಿತ್ಸೆ ಇದೆ.

ಎಷ್ಟು ದಿನ ಅಂತ ಕೇಳಿದ್ರಿ. ಸಾಮಾನ್ಯವಾಗಿ ಮೊದಲ ವಾರ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಸಿಟ್ಟು, ಚಡಪಡಿಕೆ ಇಳಿಯುತ್ತೆ. ಮಲಬದ್ಧತೆ, ಬಾಯಿಹುಣ್ಣು ಬಂದರೂ ಗಾಬರಿ ಬೇಡ. ಆದರೆ ಆ ಅಳು ಕಮ್ಮಿ ಆಗದೇ ಇದ್ದರೆ, ಬದುಕೋದೇ ಬೇಡ ಅನ್ನಿಸಿದರೆ, ಒಂದು ದಿನವೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ರಾತ್ರಿ ಹಗಲು ಇರ್ತಾರೆ, ಕನ್ನಡದಲ್ಲಿ ಮಾತಾಡ್ತಾರೆ.

ಮಲ್ಲಿಗೆ, ದಾವಣಗೆರೆ

ನಮ್ಮನೆಯವರು ಬಿಟ್ಟಾಗಿನ ಮಾತು. ದಿನಾ ಸಂಜೆ ಬಾಯಿ ವಾಸನೆ ನೋಡ್ತಿದ್ದೆ. ಅದಕ್ಕೇ ಅವರಿಗೆ ತುಂಬಾ ನೋವಾಗ್ತಿತ್ತಂತೆ, ಆಮೇಲೆ ಹೇಳಿದ್ರು. ಪರೀಕ್ಷೆ ಮಾಡೋದು ನಿಲ್ಲಿಸಿದೆ. ರಾತ್ರಿ ಊಟ ಆದ ತಕ್ಷಣ ಇಬ್ಬರೂ ಚಪ್ಪಲಿ ಮೆಟ್ಕೊಂಡು ಹೊರಡ್ತಿದ್ವಿ, ಬೀದಿ ಕೊನೆವರೆಗೆ ಹೋಗಿ ಬರೋದು. ಅಣ್ಣ, ಅತ್ತಿಗೆಗೂ ಈ ಪುಟ ಓದಿಸಿ.

ಪ್ರೆಸ್ ಹುಡುಗ, ತುಮಕೂರು

ಅಣ್ಣ, ಅಕ್ಕಂದಿರೇ, ಓದ್ತಾ ಕಣ್ಣು ತುಂಬಿತು. ಮಗಳಿಗೆ ಹೇಳಿದೆ. 'ಇವತ್ತು ಸಿಟ್ಟು ಇದೆಯಾ?' ಅಂತ ಕೇಳಿಯೇ ಹತ್ರ ಬರ್ತಾಳೆ ಈಗ. ಕಾಫಿ ಬೆಳಿಗ್ಗೆ ಒಂದೇ ಲೋಟಕ್ಕೆ ಇಳಿಸಿದೀನಿ, ಎದೆ ಸುಮಾರು ಶಾಂತ ಆಗಿದೆ. ಗಮ್ ನಾನು ಅಗಿದು ಅಗಿದು ಉಗೀತಿದ್ದೆ, ಮೇಲೆ ಕಾಫಿ ಬೇರೆ. ನಾಳೆಯಿಂದ ಅಕ್ಕ ಹೇಳಿದ ಹಾಗೆ.

ಒಂದು ಕೇಳೋದಿದೆ. ಮುಂದಿನ ತಿಂಗಳು ಭಾಮೈದನ ಮದುವೆ. ಛತ್ರದ ಹಿಂದೆ ಎಲ್ಲರೂ ಸೇರಿ ಸೇದ್ತಾರೆ, 'ಒಂದೇ ಒಂದು ತಗೋ ಭಾವ' ಅಂತ ಒತ್ತಾಯ ಗ್ಯಾರಂಟಿ. ಅಲ್ಲಿ ಏನು ಮಾಡಿದ್ರಿ ನೀವೆಲ್ಲ?

ಘಾಟಿ ಡ್ರೈವರ್, ಹಾಸನ

ಊಟದ ಪಂಕ್ತೀಲಿ ಬಡಿಸೋಕೆ ನಿಂತ್ಕೋ. ಸಾಂಬಾರ್ ಬಕೆಟ್ ಹಿಡಿದವನ ಕೈಗೆ ಯಾರೂ ಸಿಗರೇಟು ಕೊಡಲ್ಲ. ನಾನು ತಂಗಿ ಮದುವೇಲಿ ಮೂರು ಪಂಕ್ತಿ ಬಡಿಸಿದೆ.