ಕಳೆದುಹೋದ ಸಾಕೆಟ್ ನನ್ನ ರೇನ್‌ಕೋಟ್ ಜೇಬಲ್ಲೇ ಇತ್ತು. ಬಾಯಿ ಬಿಟ್ಟಿದ್ದು ತಪ್ಪಾಯ್ತಾ?

ಪ್ರಶ್ನೆ: ಹಾವೇರಿ ಹುಡುಗ, ಮುಂಬೈ

ನಮಸ್ಕಾರ. ಮುಂಬೈಯಲ್ಲಿ ವಿಮಾನಗಳ ಲೈನ್ ಮೇಂಟೆನೆನ್ಸ್ ಟೆಕ್ನಿಷಿಯನ್ ಆಗಿ ಹದಿನಾಲ್ಕು ತಿಂಗಳಾಯ್ತು. ಲೈಸೆನ್ಸ್ ಇನ್ನೂ ಕೈಗೆ ಬಂದಿಲ್ಲ, ಪರೀಕ್ಷೆಯ ಎರಡು ಮಾಡ್ಯೂಲ್ ಬಾಕಿ. ಕಂಪನಿ ಹೆಸರು ಬೇಡ.

ಹೋದ ವಾರ ನೈಟ್ ಶಿಫ್ಟ್, ಜೋರು ಮಳೆ. ಎಂಜಿನ್ ಕೆಲಸ ಮುಗಿಸಿ ಬೆಳಗಿನ ಜಾವ 4:20ಕ್ಕೆ ಟೂಲ್ ಬಾಕ್ಸ್ ಎಣಿಸಿದರೆ 7/16 ಇಂಚಿನ ಸಾಕೆಟ್ (ಬೋಲ್ಟ್ ತಿರುಗಿಸುವ ಪುಟ್ಟ ಟೂಲ್) ಇರಬೇಕಾದ ಜಾಗ ಖಾಲಿ. ಕೌಲಿಂಗ್, ಅಂದರೆ ಎಂಜಿನ್ ಹೊದಿಕೆ, ಆಗಲೇ ಮುಚ್ಚಿಯಾಗಿತ್ತು. ಐದೂವರೆಗೆ ವಿಮಾನ ಹೊರಡಬೇಕು. ಎದೆ ಧಸಕ್ಕೆಂದಿತು. ಹೋಗಿ ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿಬಿಟ್ಟೆ. ಮತ್ತೆ ಕೌಲಿಂಗ್ ತೆಗೆಸಿದರು. ನಾಲ್ಕು ಜನ ಟಾರ್ಚು, ಕನ್ನಡಿ ಹಿಡಿದು ಸಂದಿಗೊಂದಿಯೆಲ್ಲ ಹುಡುಕಿದೆವು. ವಿಮಾನ ಎರಡು ಗಂಟೆ ಲೇಟು. ಕೊನೆಗೆ ಸಾಕೆಟ್ ಸಿಕ್ಕಿದ್ದು ಎಲ್ಲಿ? ನಾನೇ ಒಣಗಲು ತೂಗುಹಾಕಿದ್ದ ರೇನ್‌ಕೋಟಿನ ಜೇಬಿನಲ್ಲಿ, ವಡಾಪಾವ್ ಸುತ್ತಿದ್ದ ಕಾಗದದ ಜೊತೆ.

ಬೈದಿದ್ದರೆ ಸಹಿಸಬಹುದಿತ್ತು. ಇನ್‌ಚಾರ್ಜ್ ಒಂದು ಮಾತೂ ಆಡದೆ ಡಿಲೇ ರಿಪೋರ್ಟ್ ಬರೆಯುತ್ತಾ ಕೂತರು. ಹುಡುಗರು ಈಗ ನನ್ನನ್ನು 'ರೇನ್‌ಕೋಟ್' ಅಂತಲೇ ಕರೆಯೋದು. ಸೀನಿಯರ್ ಒಬ್ಬರು ಚಹಾ ಕುಡಿಯುತ್ತಾ, "ಬ್ಯಾಗಲ್ಲಿ ಒಂದು ಎಕ್ಸ್‌ಟ್ರಾ ಸೆಟ್ ಇಟ್ಕೊ. ಖಾಲಿ ಜಾಗ ತುಂಬಿಸು, ಮನೆಗೆ ಹೋಗು" ಅಂದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಗೊತ್ತಿದ್ದವರು ಹೇಳಿ, ಸುಮ್ಮನಿರಬೇಕಿತ್ತಾ?

ಉತ್ತರ 1: ಮುಲುಂಡ್ ನಿವೃತ್ತ

ತಮ್ಮಾ, ಸರಿಯಾಗೇ ಮಾಡಿದ್ದೀಯ. ಆ ಸೀನಿಯರ್ ಮಾತು ಕಿವಿಗೆ ಹಾಕಿಕೊಳ್ಳಬೇಡ. ಬ್ಯಾಗಿನಲ್ಲಿ ಎಕ್ಸ್‌ಟ್ರಾ ಇಟ್ಟುಕೊಂಡವನ ಬಾಕ್ಸ್ ಯಾವತ್ತೂ ಪೂರ್ತಿಯೇ. ವಿಮಾನದ ಹೊಟ್ಟೆಯಲ್ಲಿ ಎಷ್ಟು ಟೂಲ್ ಉಳಿದಿದೆ ಅನ್ನೋದು ದೇವರಿಗೇ ಗೊತ್ತು.

ಇದೇ ಊರಲ್ಲಿ 34 ವರ್ಷ ಸರ್ವಿಸ್ ಮಾಡಿದವನು ನಾನು. ಒಂದು ರಾತ್ರಿ ಒರೆಸುವ ಬಟ್ಟೆ ಎಂಟು ಎಣಿಸಿ ತೆಗೆದುಕೊಂಡಿದ್ದೆ, ಕೆಲಸ ಮುಗಿದಾಗ ಕೈಯಲ್ಲಿ ಏಳು. ಇನ್ನೊಂದು ಕಸದ ಡಬ್ಬಿಯಲ್ಲಿರಬೇಕು ಅಂದುಕೊಂಡೆ. ಡಬ್ಬಿ ನೋಡಲಿಲ್ಲ, ನೋಡಿ ಅಲ್ಲಿ ಇಲ್ಲದಿದ್ದರೆ ಅನ್ನೋ ಭಯ. ಮೊದಲ ಲೋಕಲ್ ಹಿಡಿದು ಮನೆಗೆ ಹೋಗಿ ಮಲಗಿದೆ, ಕಣ್ಣು ಹತ್ತಲಿಲ್ಲ. ಮೂರನೇ ದಿನ ದೆಹಲಿ ಏರ್‌ಪೋರ್ಟಿನ ನಮ್ಮ ಸ್ಟೇಷನ್‌ನಿಂದ ನನ್ನ ಹೆಸರಿಗೆ ಒಂದು ಕವರ್ ಬಂತು. ಒಳಗೆ ಅದೇ ಬಟ್ಟೆ, ಒಗೆದು ಮಡಚಿಟ್ಟದ್ದು. ಚೀಟಿ ಇಲ್ಲ, ಏನಿಲ್ಲ. ಯಾವ ಪುಣ್ಯಾತ್ಮನ ಕೈಗೆ ಸಿಕ್ಕಿತೋ ಇವತ್ತಿಗೂ ಗೊತ್ತಿಲ್ಲ. ನಿನಗೆ ಒಂದು ಅಡ್ಡಹೆಸರಾದರೂ ಸಿಕ್ಕಿದೆ. ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ಇಲ್ಲೇ ಮೊದಲು.

ಕೆಲಸ ಬಾರದವರೇ ತಪ್ಪು ಮಾಡೋದು ಅಂದುಕೊಂಡಿದ್ದರೆ ಅದನ್ನೂ ಬಿಟ್ಟುಬಿಡು. 1990ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬಿಎಸಿ ಒನ್-ಇಲೆವೆನ್‌ನ ಮುಂದಿನ ಗಾಜು 17,300 ಅಡಿ ಮೇಲೆ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ಮೈ ಹೊರಗೆ, ಕ್ಯಾಬಿನ್ ಸಿಬ್ಬಂದಿ ಕಾಲು ಹಿಡಿದುಕೊಂಡೇ ಇದ್ದರು. ಪುಣ್ಯಕ್ಕೆ ಬದುಕಿದರು. ಆ ಗಾಜು ಕೂರಿಸಿದವರು ಹೊಸ ಹುಡುಗರಲ್ಲ, ಸ್ವತಃ ಶಿಫ್ಟ್ ಮ್ಯಾನೇಜರ್. ಹಳೇ ಬೋಲ್ಟಿನ ಪಕ್ಕ ಹೊಸದನ್ನು ಹಿಡಿದು ಕಣ್ಣಳತೆಯಲ್ಲೇ ಆರಿಸಿದ್ದರು, ಪಾರ್ಟ್ಸ್ ಕ್ಯಾಟಲಾಗ್ ಬಿಚ್ಚಿರಲಿಲ್ಲ. 90 ಬೋಲ್ಟ್‌ನಲ್ಲಿ 84ರ ದಪ್ಪ ಬರೀ 0.026 ಇಂಚು ಕಡಿಮೆ. ಬೆಳಗಿನ ಜಾವದಲ್ಲಿ ಯಾವ ಕಣ್ಣಿಗೆ ಕಾಣುತ್ತೆ ಅದು?

ಮರುವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್. ಸಂಜೆ ಶಿಫ್ಟಿನವರು ಎಂಬ್ರೇರ್ 120ರ ಬಾಲದ ಎಡಗಡೆಯ 47 ಸ್ಕ್ರೂ ಬಿಚ್ಚಿದ್ದು ಹ್ಯಾಂಡೋವರ್‌ನಲ್ಲಿ ಬರಲಿಲ್ಲ. ರಾತ್ರಿಯವರು ಬಲಗಡೆ ಕೆಲಸ ಮುಗಿಸಿ ವಿಮಾನ ಬಿಟ್ಟುಕೊಟ್ಟರು. ಬೆಳಿಗ್ಗೆ ಮೊದಲ ಟ್ರಿಪ್‌ನಲ್ಲಿ ಏನೂ ಆಗಲಿಲ್ಲ ನೋಡು. ವಾಪಸ್ ಬರುವಾಗ ಒಳಗಿದ್ದ 14 ಜನವೂ ಹೋದರು. ಅವತ್ತಿನ ಹ್ಯಾಂಡೋವರ್ ಪುಸ್ತಕದಲ್ಲಿ ಒಂದು ಸಾಲು ಬೇಕಿತ್ತು, ಅಷ್ಟೇ.

ಉತ್ತರ 2: ವಾಸ್ಕೋ ನಾಯ್ಕ

ಹಿರಿಯರು ಹೇಳಿದ್ದಕ್ಕೆ ತಕರಾರಿಲ್ಲ. ಆದ್ರೆ ತಮ್ಮಾ, ಕೌಲಿಂಗ್ ತೆಗೆಸೋಕೆ ಮುಂಚೆ ಕಿಸೆ ನೋಡ್ಕೋಬೇಕಿತ್ತು ಮಾರಾಯ! ಟೂಲ್ ಕಡಿಮೆ ಬಂತು ಅಂದ್ರೆ ಮೊದಲು ಇನ್‌ಚಾರ್ಜ್‌ಗೆ ಹೇಳು, ಆಮೇಲೆ ಕಿಸೆ, ಟ್ರಾಲಿ, ಏಣಿ ಕೆಳಗೆ, ಪಕ್ಕದವನ ಬಾಕ್ಸ್. ಅಲ್ಲೂ ಸಿಗದಿದ್ರೆ ಕೌಲಿಂಗ್. ಹತ್ತು ನಿಮಿಷದ ಕೆಲಸ.

ಇನ್ನು ಕೌಲಿಂಗ್ ಮುಚ್ಚಿದೆ ಅನ್ನೋ ಮಾತನ್ನ ನಾನು ನಂಬೋದೇ ಇಲ್ಲ. 2013ರ ಮೇನಲ್ಲಿ ಲಂಡನ್ ಹೀಥ್ರೂನಲ್ಲಿ ಎ319 ಒಂದರ ಎರಡೂ ಎಂಜಿನ್‌ನ ಫ್ಯಾನ್ ಕೌಲ್ ಬಾಗಿಲು ಟೇಕಾಫ್‌ನಲ್ಲೇ ಹಾರಿಹೋದವು. ರಾತ್ರಿ ಟೆಕ್ನಿಷಿಯನ್‌ಗಳು ಲ್ಯಾಚ್ ಹಾಕದೆ ಬಾಗಿಲು ಇಳಿಬಿಟ್ಟು ಸಾಮಾನು ತರೋಕೆ ಹೋಗಿದ್ರು. ವಾಪಸ್ ಬಂದಿದ್ದು ಬೇರೆ ವಿಮಾನದ ಹತ್ರ! ಅಲ್ಲಿ ಲ್ಯಾಚ್ ಹಾಕಿತ್ತು, ಯಾರೋ ಮುಗಿಸಿದ್ದಾರೆ ಅಂದ್ಕೊಂಡ್ರು. ಬೆಳಿಗ್ಗೆ ಸುತ್ತು ಹಾಕಿದ ಪೈಲಟ್ ಕಣ್ಣಿಗೂ ಬೀಳಲಿಲ್ಲ. ಆ ಲ್ಯಾಚ್ ಇರೋದು ಎಂಜಿನ್ ಹೊಟ್ಟೆ ಕೆಳಗೆ. ಸುಮ್ನೆ ಬಗ್ಗಿದ್ರೆ ಸಾಲಲ್ಲ, ಮೊಣಕಾಲೂರಬೇಕು. ಮಳೆಗಾಲ ಪೂರ್ತಿ ನನ್ನ ಪ್ಯಾಂಟಿನ ಮೊಣಕಾಲು ಕಪ್ಪಗೇ ಇರುತ್ತೆ, ಹೆಂಡ್ತಿ ಬೈಗುಳ ಬೇರೆ.

ಉತ್ತರ 3: ಪುಣೆ ಸೆಸ್ನಾ

ನಾನು ಪುಣೆ ಹತ್ತಿರ ಫ್ಲೈಯಿಂಗ್ ಕಲಿಯುತ್ತಿದ್ದೇನೆ, ದೊಡ್ಡ ವಿಮಾನದ ಅನುಭವ ಇಲ್ಲ. ನಮ್ಮದು ಸೆಸ್ನಾ 152. ಹಾರುವ ಮೊದಲು ರೆಕ್ಕೆ ಕೆಳಗಿನ ಡ್ರೈನ್‌ನಿಂದ ಪೆಟ್ರೋಲ್ ಸ್ವಲ್ಪ ಪುಟ್ಟ ಕಪ್ಪಿಗೆ ಬಿಟ್ಟು ನೋಡಬೇಕು. ಪೆಟ್ರೋಲ್ ತಿಳಿನೀಲಿ. ನೀರು ಸೇರಿದ್ದರೆ ಬಣ್ಣವಿಲ್ಲದೆ ತಳದಲ್ಲಿ ಕೂತಿರುತ್ತೆ. ಒಂದು ದಿನ ಎಡ ರೆಕ್ಕೆ ಹತ್ತಿರ ನಿಂತಾಗ ಅಮ್ಮನ ಫೋನ್ ಬಂತು, ಊಟ ಆಯ್ತಾ ಅಂತ. ಫೋನ್ ಇಟ್ಟು ನೇರ ಪ್ರೊಪೆಲರ್ ಹತ್ತಿರ ಹೋದೆ. ದೂರದಿಂದ ನೋಡುತ್ತಿದ್ದ ಇನ್‌ಸ್ಟ್ರಕ್ಟರ್ ಬಂದು ಚೆಕ್‌ಲಿಸ್ಟ್ ಕೈಗೆ ಕೊಟ್ಟು, "ಕಾಕ್‌ಪಿಟ್‌ನಿಂದ ಶುರು ಮಾಡು" ಅಂದರು. ಬಿಟ್ಟಲ್ಲಿಂದ ಅಲ್ಲ, ಮೊದಲಿನಿಂದ. ಅವತ್ತು ನೀರೇನೂ ಇರಲಿಲ್ಲ. ಆದರೂ ಫೋನ್ ಈಗ ಬ್ಯಾಗಲ್ಲೇ.

ಹಾವೇರಿ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ನಾಯ್ಕರೇ, ಒಪ್ಪಿದೆ. ರೇನ್‌ಕೋಟಿನ ಎರಡೂ ಜೇಬು ಹೊಲಿಸಿಬಿಟ್ಟೆ. ಟೇಲರ್ ನನ್ನ ಮುಖವನ್ನೇ ನೋಡಿದ.

ಮುಲುಂಡ್ ಕಾಕಾ, ನಿಮಗೆ ಒಂದು ಹೇಳಬೇಕು. ಸೋಮವಾರದಿಂದ ಶಿಫ್ಟ್ ಮುಗಿದ ಮೇಲೆ ಎಲ್ಲರ ಟೂಲ್ ಎಣಿಸುವ ಕೆಲಸ ಇನ್‌ಚಾರ್ಜ್ ನನಗೇ ಹಚ್ಚಿದ್ದಾರೆ. ಆ ಸೀನಿಯರ್ ಬಾಕ್ಸ್ ಪೂರ್ತಿ ಇತ್ತು. ಆದರೆ ಒಂದು ಸ್ಪ್ಯಾನರ್ ಮೇಲೆ ಮಾತ್ರ ನಮ್ಮ ಬಾಕ್ಸ್ ನಂಬರ್ ಕೆತ್ತಿರಲಿಲ್ಲ, ಹೊಸದರ ಥರ ಹೊಳೀತಿತ್ತು. ಅದನ್ನು ಹಾಗೇ ತೆಗೆದುಕೊಂಡು ಹೋಗಿ ಇನ್‌ಚಾರ್ಜ್ ಟೇಬಲ್ ಮೇಲೆ ಇಟ್ಟಿದ್ದೇನೆ.