ಸಹಾಯ ಬೇಕು: ಸ್ಯಾಸ್ ಕಾಲ್ ಎಕ್ಸಿಕ್ಯೂಟ್‌ನಲ್ಲಿ ಮ್ಯಾಕ್ರೋ ಕೈಕೊಡುತ್ತಿದೆ

ಸ್ಯಾಸ್ (ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್) ಬಲ್ಲವರು ಯಾರಾದರೂ ಇದ್ದೀರಾ? ಒಂದು ಮ್ಯಾಕ್ರೋ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಣುಕು) ತಲೆ ತಿನ್ನುತ್ತಿದೆ.

ಕ್ಲಿನಿಕಲ್ ಟ್ರಯಲ್ ಡೇಟಾ. ಮ್ಯಾಕ್ರೋ ಒಳಗೆ ಪ್ರಾಕ್ ಎಸ್‌ಕ್ಯೂಎಲ್ (ಡೇಟಾದಿಂದ ಬೇಕಾದ್ದನ್ನು ಹೆಕ್ಕುವ ಸ್ಯಾಸ್ ಭಾಗ) ಒಂದು ಸೈಟಿನ (ಟ್ರಯಲ್ ನಡೆಯುವ ಕೇಂದ್ರದ) ವಿಸಿಟ್‌ಗಳನ್ನು ಎಣಿಸಿ, 'ಇಂಟೂ' ಮೂಲಕ ಎನ್ ಅನ್ನೋ ವೇರಿಯಬಲ್‌ಗೆ ಹಾಕುತ್ತದೆ. ಆಮೇಲೆ 1ರಿಂದ ಎನ್‌ವರೆಗೆ ಡೂ ಲೂಪ್. ನಾನೇ ಸೈಟ್ ಹೆಸರು ಕೊಟ್ಟು ಕರೆದರೆ ಲಾಗ್ ಪೂರ್ತಿ ಕ್ಲೀನ್. ಡೇಟಾ ಸ್ಟೆಪ್‌ನಿಂದ (ಡೇಟಾವನ್ನು ಸಾಲು ಸಾಲಾಗಿ ಓದುವ ಕೋಡ್) ಕಾಲ್ ಎಕ್ಸಿಕ್ಯೂಟ್ ಮಾಡಿದರೆ, ಅಂದರೆ ಅಲ್ಲಿಂದಲೇ ಮ್ಯಾಕ್ರೋ ಕರೆಸಿದರೆ ಮಾತ್ರ ಎನ್ 'ನಾಟ್ ರಿಸಾಲ್ವ್ಡ್' (ಬೆಲೆ ಸಿಗಲಿಲ್ಲ) ಅಂತ ವಾರ್ನಿಂಗ್. ಹಿಂದೆಯೇ, ಸಂಖ್ಯೆ ಇರಬೇಕಾದ ಕಡೆ ಅಕ್ಷರ ಇದೆ ಅಂತ ಎರರ್. ಎನ್ ಅನ್ನು ಗ್ಲೋಬಲ್ ಮಾಡಿದರೆ ವಾರ್ನಿಂಗ್ ಹೋಗುತ್ತದೆ, ಆದರೆ ಒಳಗೆ ಖಾಲಿ. ಲೂಪ್ ಓಡೋದೇ ಇಲ್ಲ.

ಕಾರಣ ಗೊತ್ತಾಯಿತು. ಮ್ಯಾಕ್ರೋ ಸ್ಟೇಟ್‌ಮೆಂಟ್‌ಗಳು ಆಗಲೇ ಓಡಿಬಿಡುತ್ತವೆ, ಎಸ್‌ಕ್ಯೂಎಲ್ ಮಾತ್ರ ಡೇಟಾ ಸ್ಟೆಪ್ ಮುಗಿಯುವ ತನಕ ಕಾಯುತ್ತದೆ. ಮ್ಯಾಕ್ರೋ ಹೆಸರಿಗೆ ಎನ್‌ಆರ್‌ಎಸ್‌ಟಿಆರ್ (ಮ್ಯಾಕ್ರೋ ಆಗಲೇ ಓಡದಂತೆ ತಡೆಯುವ ಫಂಕ್ಷನ್) ಸುತ್ತಿದೆ, ಓಡಿತು.

ಈಗ ಹೊಸ ತಕರಾರು. ಕೆಲವು ಸೈಟ್‌ಗಳ ಹೆಸರಲ್ಲಿ ಕಾಮಾ ಇದೆ (ಹೆಸರಲ್ಲಿ ಕಾಮಾ ಯಾಕೆ ಬೇಕಿತ್ತೋ!). ಸ್ಯಾಸ್ ಅದನ್ನು ಎರಡು ಪ್ಯಾರಾಮೀಟರ್ ಅಂದುಕೊಂಡು, ಜಾಸ್ತಿ ಪ್ಯಾರಾಮೀಟರ್ ಕೊಟ್ಟಿದ್ದೀರಿ ಅನ್ನುತ್ತದೆ. ಇದಕ್ಕೆ ಎಸ್‌ಟಿಆರ್ ಸಾಕಾ, ಬಿಕೋಟ್ ಬೇಕಾ (ಎರಡೂ ಕಾಮಾದಂಥ ಚಿಹ್ನೆಯನ್ನು ಬರೀ ಅಕ್ಷರ ಅಂತ ನೋಡುವಂತೆ ಮಾಡುವ ಫಂಕ್ಷನ್‌ಗಳು)? ಅದನ್ನು ಎನ್‌ಆರ್‌ಎಸ್‌ಟಿಆರ್ ಒಳಗೆ ಇಡಬೇಕಾ, ಹೊರಗಾ? ಇದೇ ಪಾಡು ಪಟ್ಟವರು ಒಂದು ಸಾಲಿನ ಉದಾಹರಣೆ ಕೊಟ್ಟರೂ ಸಾಕು.