ಈ ವಾರದ ಸಮಸ್ಯೆ: ‘ಸೊನ್ನೆಯೊಳಗಡಗಿದನು ಸೂರ್ಯನು ಕಂಡವರದಾರೈ’

ಸಂಚಾಲಕ, ವಿಜಯಪುರ:
ಎಲ್ಲಾರಿಗೂ ಶರಣ್ರಿ. ಭಾಮಿನಿ ಷಟ್ಪದಿಯ ಕಡೀ ಸಾಲು ಮ್ಯಾಲ ಕೊಟ್ಟೀನಿ, ಮೊದಲಿನ ಐದು ಸಾಲು ನೀವು ಪೂರಣ ಮಾಡ್ರಿ. ಆರೂ ಸಾಲಿಗೆ ‘ನ್ನ’ ಪ್ರಾಸ ಬರಬೇಕು. ವಿಷಯ ಕಪ್ಪುಕುಳಿ, ಅಂದ್ರ ಬೆಳಕನ್ನೂ ಹೊರಗ ಬಿಡದ ಬ್ಲ್ಯಾಕ್ ಹೋಲ್. ಗ್ರಹಣದ ಪದ್ಯ ಮಾತ್ರ ಬ್ಯಾಡ್ರಿ. ಚಂದ್ರನ ದುಂಡಿಗೆ ಸೊನ್ನಿ ಅಂದು ಪಾರಾಗೂದು ಭಾಳ ಸಲೀಸು, ಸಮಸ್ಯೆ ಅಲ್ಲೇ ಸತ್ತು ಹೋಗ್ತದ.

ಜಮಖಂಡಿ ಮಾಸ್ತರ:

ತನ್ನ ಬೆಂಕಿಯು ತೀರಿ ಹೋಗಲು
ಬೆನ್ನ ಬಾಗಿಸಿ ಕುಸಿದ ತಾರೆಯು
ಮುನ್ನ ಹೊತ್ತಿಹ ಭಾರವೆಲ್ಲವನೊಂದು ಬಿಂದುವಲಿ
ಹೊನ್ನ ಕಿರಣದ ಜೊತೆಗೆ ಕಟ್ಟಿತು
ಇನ್ನು ಹೊರಗಡೆ ಬರಿಯ ಕತ್ತಲು
ಸೊನ್ನೆಯೊಳಗಡಗಿದನು ಸೂರ್ಯನು ಕಂಡವರದಾರೈ

ಭೌತಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ:
ಮಾಸ್ತರ, ನಡಿಗಿ ಭಾಳ ಚಂದ ಐತ್ರಿ. ಆದ್ರ ನಮ್ಮ ಸೂರ್ಯಗ ಈ ಗತಿ ಬರೂದಿಲ್ಲ. ಉರುವಲ ತೀರಿದ ಮ್ಯಾಲ ಅಂವ ಶ್ವೇತಕುಬ್ಜ, ಅಂದ್ರ ಕುಗ್ಗಿದ ಸಣ್ಣ ಬಿಳಿ ನಕ್ಷತ್ರ, ಆಗ್ತಾನ. ಶ್ವೇತಕುಬ್ಜ ತಾಳಬಹುದಾದ ಗರಿಷ್ಠ ತೂಕ, ಅಂದ್ರ 1.4 ಸೂರ್ಯರಷ್ಟರ ಚಂದ್ರಶೇಖರ್ ಮಿತಿಯೊಳಗ ಇರೂದಕ್ಕ ಅಲ್ಲೇ ನಿಲ್ತಾನ. ಅವನ್ನ ಕಪ್ಪುಕುಳಿ ಮಾಡಬೇಕಂದ್ರ 3 ಕಿಲೋಮೀಟರ್ ತ್ರಿಜ್ಯಕ್ಕ ಹಿಂಡಬೇಕು.

ಜಮಖಂಡಿ ಮಾಸ್ತರ:
ತಾರೆ ಅಂದೀನಲ್ಲವಾ ತಂಗಿ. ಬ್ಯಾರೆ ಲೋಕಕ್ಕ ಅದೂ ಸೂರ್ಯನ.

ವಿದ್ಯಾರ್ಥಿನಿ, ಬೆಳಗಾವಿ:
ಒಪ್ಪಿದೆ ರೀ ಮಾಸ್ತರ. ಹಂಗಾದ್ರ ‘ಬಿಂದು’ ಬಗ್ಗೆ ಒಂದ ಮಾತು. ಓಪನ್‌ಹೈಮರ್ ಮತ್ತ ಸ್ನೈಡರ್ 1939ರಾಗ ಕುಸಿತದ ಲೆಕ್ಕಾ ಮಾಡಿದ್ದು ಪಕ್ಕಾ ದುಂಡಗಿನ, ತಿರುಗದ ನಕ್ಷತ್ರಕ್ಕ. ಅದಕ್ಕ ಎಲ್ಲಾ ನಡುವಿನ ಬಿಂದುವಿಗೆ ಬಂದು ಬಿತ್ತು. ಸ್ವಲ್ಪ ಸೊಟ್ಟ ಇದ್ದಿದ್ರ ಸಿಂಗ್ಯುಲಾರಿಟಿ, ಅಂದ್ರ ಲೆಕ್ಕಾನ ಮುರಿದು ಬೀಳೂ ಕೊನಿ, ಹುಟ್ಟತಿತ್ತೋ ಇಲ್ಲೋ ಅಂತ ಭಾಳ ಮಂದಿಗೆ ಸಂಶಯ ಇತ್ತು. 1965ರಾಗ ಬ್ರಿಟನ್ನಿನ ಗಣಿತಜ್ಞ ಪೆನ್‌ರೋಸ್ ಒಂದು ಪ್ರಮೇಯ ಸಾಧಿಸಿ ಆ ಸಂಶಯ ಮುರದ್ರು. ಒಂದ ಹಂತ ದಾಟಿದ ಮ್ಯಾಲ ಆಕಾರ ಹೆಂಗರ ಇರಲಿ, ಒಳಗಿನ ಯಾವುದೋ ಒಂದು ಬೆಳಕಿನ ದಾರಿ ಕಡಿದು ನಿಲ್ಲಲೇಬೇಕು. ಈ ವಾದದ ಬುಡದಾಗ ಕೋಲ್ಕತ್ತಾದ ಅಮಲ್ ಕುಮಾರ್ ರಾಯಚೌಧುರಿಯವರ 1955ರ ಸಮೀಕರಣ ಐತಿ. ಪೆನ್‌ರೋಸರಿಗೆ 2020ರಾಗ ನೊಬೆಲ್ ಬಂತು. ರಾಯಚೌಧುರಿಯವರ ಹೆಸರ ನಮ್ಮ ಶಾಲಿ ಪುಸ್ತಕದಾಗ ಇಲ್ಲ ಅನ್ನೂದು ನನಗ ಭಾಳ ಸಂಕಟದ ಮಾತು.

ಆ ಪ್ರಮೇಯ ‘ದಾರಿ ಕಡೀತದ’ ಅಂತದ, ‘ಅಲ್ಲಿ ಬಿಂದು ಐತಿ’ ಅನ್ನೂದಿಲ್ಲ. ಖರೇ ನಕ್ಷತ್ರ ತಿರುಗ್ತಾವ. ಐನ್‌ಸ್ಟೈನರ ಸಮೀಕರಣಕ್ಕ ಗಣಿತಜ್ಞ ಕೆರ್ ಅವರು 1963ರಾಗ ಕೊಟ್ಟ ಪರಿಹಾರದಾಗ, ತಿರುಗೂ ಕಪ್ಪುಕುಳಿಯೊಳಗ ಬಿಂದು ಅಲ್ಲ, ಉಂಗುರ ಬರ್ತದ. ನನ್ನ ಪದ್ಯ:

ಸನ್ನೆಯೊಂದನು ಹೊರಗೆ ಕಳುಹದು
ತನ್ನ ಗಡಿಯಲಿ ಪರದೆ ಬಿಗಿದುದು
ನನ್ನ ನೋಟಕೆ ಬಾಗಿಲಿಲ್ಲದ ಕಾಲದಂತ್ಯವದು
ಬೆನ್ನು ಹತ್ತಿದರೊಳಗೆ ಹೋದವ
ಇನ್ನು ಬಾರನು ಮರಳಿ ಹೇಳಲು
ಸೊನ್ನೆಯೊಳಗಡಗಿದನು ಸೂರ್ಯನು ಕಂಡವರದಾರೈ

ಸಂಚಾಲಕ:
‘ಕಾಲದಂತ್ಯ’ ಓದಿ ಸುಮ್ಮನ ಕುಂತೆ ತಂಗಿ. ತಿರುಗದ ಕಪ್ಪುಕುಳಿಯೊಳಗ ಸಿಂಗ್ಯುಲಾರಿಟಿ ನಡುವಿನ ಒಂದು ಜಾಗ ಅಲ್ಲ, ಮುಂದ ಬರೂ ಒಂದು ಗಳಿಗಿ. ಒಳಗ ಹೋದವ ಎತ್ತ ಈಸಿದ್ರೂ ನಾಳೆ ತಪ್ಪಿಸಿಕೊಳ್ಳಾಕ ಆಗೂದಿಲ್ಲಲ್ಲ, ಹಂಗ ಅದು. ಇಷ್ಟನ್ನ ಒಂದ ಸಮಾಸದಾಗ ಹಿಡದೀಯಲ್ಲ, ಶಹಬ್ಬಾಸ್. ಪರದೆ ಅನ್ನೂ ಮಾತೂ ಸರಿ ಕೂತದ. ಸಿಂಗ್ಯುಲಾರಿಟಿ ಹುಟ್ಟಿದ್ರ ಘಟನಾ ದಿಗಂತದ (ದಾಟಿದ್ರ ಬೆಳಕೂ ಮರಳದ ಗಡಿ) ಪರದೆ ಇರಲೇಬೇಕು ಅಂತ ಪೆನ್‌ರೋಸ್ 1969ರಾಗ ಅಂದ್ರು. ಆದ್ರ ಅದು ಇವತ್ತಿಗೂ ಊಹೆ, ಸಾಧಿಸಿದ್ದಲ್ಲ. ಪರದೆ ಇಲ್ಲದ ಬೆತ್ತಲೆ ಸಿಂಗ್ಯುಲಾರಿಟಿ ಹುಟ್ಟೂ ಲೆಕ್ಕಗಳನ್ನ ನಮ್ಮ ದೇಶದ ಪಂಕಜ್ ಜೋಶಿಯವರು ಮಾಡ್ಯಾರ. ಹಂಗೇನರ ಇದ್ರ, ಅಲ್ಲಿಂದ ಬೆಳಕು ನಮ್ಮ ತನಕಾ ಬರಬಹುದು.

ಇಳಕಲ್ಲಿನ ಗೆಳೆಯ:
ಮತ್ತ ಫೋಟೋ ತಗದಾರಲ್ರೀ?

ವಿದ್ಯಾರ್ಥಿನಿ, ಬೆಳಗಾವಿ:
ಅಣ್ಣಾರ, 2019ರ ಏಪ್ರಿಲ್ 10ಕ್ಕ ತೋರಿಸಿದ್ದು ಎಂ87 ಗೆಲಾಕ್ಸಿಯ ಕಪ್ಪುಕುಳಿಯ ನೆರಳು. ಸುಮಾರು 5.5 ಕೋಟಿ ಬೆಳಕಿನ ವರ್ಷ ದೂರ, ತೂಕ 650 ಕೋಟಿ ಸೂರ್ಯರಷ್ಟು. ಸುತ್ತ ಹೊಳೆಯೂದು ಕಾದ ಅನಿಲ. ಸಿಂಗ್ಯುಲಾರಿಟಿ ಅದರಾಗ ಇಲ್ಲ. ನಮ್ಮ ಕನ್ನಡದವರ ಆದ ಸಿ. ವಿ. ವಿಶ್ವೇಶ್ವರ ಅವರು 1970ರಾಗ, ಕದಡಿದ ಕಪ್ಪುಕುಳಿ ಮಿಡಿದು ಮಿಡಿದು ತಣ್ಣಗಾಗ್ತದ ಅಂತ ತೋರಿಸಿದ್ರು. 2015ರ ಸೆಪ್ಟೆಂಬರ್ 14ಕ್ಕ ಲೈಗೋ ವೀಕ್ಷಣಾಲಯ ಹಿಡಿದ ಗುರುತ್ವದ ಅಲೆಯ ಬಾಲದಾಗ ಆ ಮಿಡಿತ ಐತಿ. ಅದೂ ದಿಗಂತದ ಹೊರಗಿನ ಸುದ್ದಿನ.

ಇಳಕಲ್ಲಿನ ಗೆಳೆಯ:
ಹಂಗಾದ್ರ ನಾ ಸಾಲನ್ನ ನಡು ಮುರಿದು ಓದ್ತೀನ್ರಿ.

ಸೊನ್ನೆ ಛೇದದಿ ಬಂದು ಕುಳಿತರೆ
ಎನ್ನುವರದನೆ ಸಿಂಗ್ಯುಲಾರಿಟಿ
ಇನ್ನು ಮುಂದಕೆ ದಾರಿಯಿಲ್ಲೆಂಬೊಂದು ಫಲಕವದು
ಉನ್ನತದ ಹೊಸ ಗಣಿತ ಬಂದರೆ
ಮನ್ನಿಸುವುದೇ ಇಂಥ ಮಾತನು:
‘ಸೊನ್ನೆಯೊಳಗಡಗಿದನು ಸೂರ್ಯನು’! ಕಂಡವರದಾರೈ?

ಜಮಖಂಡಿ ಮಾಸ್ತರ:
ಭಲೇ! ‘ಸಿಂಗ್ಯು’ ಮೂರು, ‘ಲಾರಿಟಿ’ ನಾಲ್ಕು. ಒಂದ ಮಾತ್ರೆ ಹೆಚ್ಚಿಲ್ಲ, ಒಂದ ಕಡಿಮಿ ಇಲ್ಲ. ಭಾಮಿನಿಗೆ ಹೇಳಿ ಮಾಡಿಸಿದ್ಹಂಗ ಕೂತದ.

ಸಂಚಾಲಕ:
ಈ ವಾರದ ಬಹುಮಾನ ಈ ಪದ್ಯಕ್ಕ. ಬ್ಯಾರೆ ಎರಡೂ ಸಮಸ್ಯೆಯನ್ನ ನಂಬಿ ತುಂಬ್ಯಾವ, ಇದು ಸಮಸ್ಯೆಯನ್ನ ಪ್ರಶ್ನೆ ಮಾಡಿ ತುಂಬ್ಯದ. ಛೇದದಾಗ ಸೊನ್ನಿ ಕೂತಿದ್ದಕ್ಕ 12ನೇ ಶತಮಾನದ ಭಾಸ್ಕರಾಚಾರ್ಯರು ‘ಖಹರ’ ಅಂತ ಹೆಸರಿಟ್ಟಿದ್ರು. ಐನ್‌ಸ್ಟೈನರ ಸಮೀಕರಣ ಖಹರಕ್ಕ ಬಂದು ನಿಂತ್ರ, ಅಲ್ಲಿ ಅಣುಲೋಕದ ನಿಯಮಾನೂ ಗುರುತ್ವಾನೂ ಕೂಡಿಸೂ ಕ್ವಾಂಟಮ್ ಗುರುತ್ವದ ಸಿದ್ಧಾಂತ ಬೇಕು ಅಂತ ಭಾಳ ಭೌತಶಾಸ್ತ್ರಜ್ಞರು ತಿಳಕೊಂಡಾರ. ಅದು ಇನ್ನೂ ಪೂರ್ತಿ ಸಿದ್ಧ ಆಗಿಲ್ಲ. ಕೆರ್ ಅವರಂತೂ 2023ರಾಗ, ಖರೇ ಕಪ್ಪುಕುಳಿಯೊಳಗ ಸಿಂಗ್ಯುಲಾರಿಟಿ ಇರಲೇಬೇಕು ಅನ್ನೂದಕ್ಕ ಪುರಾವೆ ಇಲ್ಲ, ದಾರಿ ಕಡಿಯೂದು ಬ್ಯಾರೆ, ಸಿಂಗ್ಯುಲಾರಿಟಿ ಬ್ಯಾರೆ ಅಂತ ವಾದ ಹೂಡ್ಯಾರ. ಎಲ್ಲಾರೂ ಒಪ್ಪಿಲ್ಲ. ಆದ್ರ ಉಂಗುರ ತೋರಿಸಿಕೊಟ್ಟವರ ಬಾಯಿಂದ ಆ ಮಾತು ಬಂದದ್ದು ಸಣ್ಣದಲ್ಲ.

ವಿದ್ಯಾರ್ಥಿನಿ, ಬೆಳಗಾವಿ:
ಸರ, ಕನ್ನಡದ ಸೊನ್ನಿ ಬರಿಯೂದೂ ಉಂಗುರದಂಗ ಐತಲ್ರೀ. ಆ ಪೂರಣ ಯಾರೂ ಹಾಕಿಲ್ಲ.

ಸಂಚಾಲಕ:
ಹೌದವ್ವಾ, ಅದು ಉಳದದ. ರವಿವಾರ ರಾತ್ರಿತನಕ ಹಾಕ್ರಿ. ‘ಉಂಗುರ’ ಸಾಲಿನ ಮೊದಲಿಗೆ ಬಂದ್ರ ಪ್ರಾಸ ಕೆಡ್ತದ, ನಡುವ ಇಡ್ರಿ.